ಎರಡೂ ಎಡಗೈ

ಆ ಮನೆಯ ಊಟದ ಮೇಜಿನಲ್ಲಿ ಅಪ್ಪನ ಜಾಗ ಗೋಡೆಯ ಪಕ್ಕದ್ದು. ಬಲಕ್ಕೆ ಗೋಡೆ, ಎಡಕ್ಕೆ ಮನೆಮಂದಿ. ಹೀಗೆ ಕೂರಬೇಕೆಂದು ಯಾರೂ ಹೇಳಿದ್ದಲ್ಲ. ಮರಗೆಲಸದ ಕಾರ್ಖಾನೆಯಲ್ಲಿ ಮರ ಕೊಯ್ಯುವ ಯಂತ್ರ ಅವನ ಬಲಗೈಯ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ತೆಗೆದುಕೊಂಡ ಮೇಲೆ, ಆಸ್ಪತ್ರೆಯಿಂದ ಬಂದ ದಿನ ಅವನೇ ಹೋಗಿ ಆ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಚಮಚ ಹಿಡಿದ. ಅಜ್ಜಿ ಬಡಿಸಿದಳು, ಅಮ್ಮ ನೀರಿಟ್ಟಳು, ಮಗಳು ತನ್ನ ತಟ್ಟೆ ನೋಡಿಕೊಂಡು ಉಂಡಳು. ಅದೇ ರೂಢಿಯಾಯಿತು. ಅವನ ಬಲಗೈ ಪ್ಯಾಂಟಿನ ಜೇಬಿನಲ್ಲಿ, ಮನೆಯವರ ಕಣ್ಣು ಅವನ ಎಡಗಡೆಯಲ್ಲಿ. ಉಪ್ಪು, ಪೊರಕೆ, ಕಿಟಕಿ ತೆಗೆಯುವುದು, ಹಾಕುವುದು, ಎಲ್ಲದಕ್ಕೂ ಬಾಯಿ ಮಾಡುವ ಮನೆ ಅದು. ಇದೊಂದು ವಿಷಯಕ್ಕೆ ಮಾತ್ರ ಎಲ್ಲರ ಬಾಯಿಗೂ ಬೀಗ.

ಮಗಳನ್ನು ಮನೆಯಲ್ಲಿ ಇಲಿ ಎನ್ನುತ್ತಿದ್ದರು. ಪೆನ್ಸಿಲ್ಲಿನ ಹಿಂದಿನ ತುದಿಯನ್ನು ಕಚ್ಚಿ ಕಚ್ಚಿ ನಾರು ಮಾಡುವ ಅಭ್ಯಾಸ ಅವಳಿಗೆ ಶಾಲೆಯಲ್ಲಿದ್ದಾಗಿನಿಂದ ಇತ್ತು. ಈಗ ಓದು ಮುಗಿದಿತ್ತು, ಅಭ್ಯಾಸ ಬಿಟ್ಟಿರಲಿಲ್ಲ. ಅದೇ ಊರಿನಲ್ಲಿ ವಿಡಿಯೊ ಗೇಮ್ ಮಾಡುವ ಒಂದು ಸಣ್ಣ ಆಫೀಸಿತ್ತು. ಚಿತ್ರ ಬರೆಯುವುದನ್ನು ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳಲು ಅವರಿಗೆ ಒಬ್ಬರು ಹೊಸಬರು ಬೇಕಾಗಿತ್ತು. ಬಯಸಿದವರು ಒಂದು ಪಾತ್ರ ಬರೆದು ಕಳಿಸಬೇಕು: ಪಾಳುಬಿದ್ದ ಪಟ್ಟಣದಲ್ಲಿ ಕೆಟ್ಟುನಿಂತ ಯಂತ್ರಗಳನ್ನು ರಿಪೇರಿ ಮಾಡುತ್ತ ಹೋಗುವ ಒಬ್ಬ ಹೆಂಗಸು. ಮೊದಲೆರಡು ಸಲ ಆಫೀಸಿನ ಮೇಡಂ ತಪ್ಪು ತೋರಿಸಿ ಸಲಹೆ ಕೊಡುತ್ತಾರೆ, ಮೂರನೆಯದನ್ನು ನೋಡಿ ತೀರ್ಮಾನ. ಇಲಿಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು, ಇದೊಂದು ಬೇಕಾಗಿತ್ತು.

ಅಮ್ಮನ ಲೆಕ್ಕಾಚಾರ ಬೇರೆ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿ ಕೌಂಟರಿನಲ್ಲಿ ಬಟ್ಟೆ ಇಸಿದುಕೊಂಡು ಚೀಟಿ ಕೊಡುವ ಕೆಲಸ ಖಾಲಿಯಾಗಿತ್ತು. ಇಲಿಗಾಗಿ ಕೇಳಿಟ್ಟಿದ್ದಳು. ಯಜಮಾನರು ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದರು. ಅಮ್ಮ ಕಟುಕಿಯಲ್ಲ. ಗಂಡನ ಕೈ ಹೋದಂದಿನಿಂದ ಮನೆಯ ಭಾರ ಹೊತ್ತವಳು, ಖಚಿತವಿಲ್ಲದ್ದನ್ನು ನಂಬಿ ಕೂತವರನ್ನು ಕಂಡರೆ ಅವಳಿಗೆ ಭಯ. ಆ ಭಯ ಬಾಯಿಂದ ಬರುವಾಗ ಸಿಟ್ಟಾಗಿ ಬರುತ್ತಿತ್ತು, ಅಷ್ಟೆ.

ಮೊದಲ ಚಿತ್ರ ಮುಗಿದ ಸಂಜೆ ಇಲಿ ಅದನ್ನು ಊಟದ ಮೇಜಿನ ಮೇಲೆ ಹರಡಿದಳು. ಬೀನ್ಸ್ ಮುರಿಯುತ್ತಿದ್ದ ಅಮ್ಮ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಎತ್ತರದ ಹೆಂಗಸು, ಗಾಳಿಗೆ ಹಾರುವ ಕೂದಲು, ಮೈತುಂಬ ಬೆಲ್ಟು, ಬೆನ್ನಿಗೆ ಕತ್ತಿ, ನೆಲ ಗುಡಿಸುವಷ್ಟು ಉದ್ದದ ಬಿಳಿಯ ಹೊದಿಕೆ. ಎರಡೂ ಕೈ ಬೆನ್ನ ಹಿಂದೆ.

"ಇದನ್ನ ಯಾರು ಒಗೀತಾರೆ?" ಎಂದಳು ಅಮ್ಮ. ಯಂತ್ರದ ಕೆಲಸ ಅಂದಮೇಲೆ ಗ್ರೀಸು ಇದ್ದದ್ದೇ, ಬಿಳಿ ಬಟ್ಟೆಯ ಗ್ರೀಸು ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ ಎಂದು ತನ್ನ ಅನುಭವ ಹೇಳಿದಳು.

ಅಜ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಹೆಂಗಸು ಸಣಕಲು, ಸ್ವಲ್ಪ ಮೈ ತುಂಬಿಸು ಎಂದಳು. ಇಷ್ಟು ಬೆಲ್ಟು ಬಿಗಿದುಕೊಂಡವಳು ಅವಸರವಾದರೆ ಏನು ಮಾಡುತ್ತಾಳೆ, ಬಿಚ್ಚುವಷ್ಟರಲ್ಲಿ ಗತಿ ಏನು ಎಂದೂ ಕೇಳಿದಳು. ಇಲಿಗೆ ನಗು ಬಂತು, ಅಳುವೂ ಬರುವಂತಾಯಿತು.

ಅಪ್ಪ ಕೆಲಸದಿಂದ ಬಂದು, ನಿಂತಲ್ಲಿಂದಲೇ ನೋಡಿ, ಚೆನ್ನಾಗಿದೆ ಎಂದ. ಅವನು ಎಲ್ಲದಕ್ಕೂ ಚೆನ್ನಾಗಿದೆ ಎನ್ನುವವನೇ. ಉಪ್ಪು ಬೀಳದ ಬೇಳೆಗೂ ಚೆನ್ನಾಗಿದೆ, ಸೋರುವ ನಲ್ಲಿಗೂ ಇರಲಿ ಬಿಡು. ಒಂದು ಕಾಲದಲ್ಲಿ ಕುರ್ಚಿಯ ಕಾಲು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಇಡೀ ಕುರ್ಚಿ ಬಿಚ್ಚಿಸುತ್ತಿದ್ದ ಬಡಗಿ ಈಗ ಒಂದು ಗೋದಾಮಿನ ಗೇಟಿನಲ್ಲಿ ಕೂತು ಲಾರಿಗಳ ಲೆಕ್ಕ ನೋಡುತ್ತಿದ್ದ. ಯಾವುದರಲ್ಲೂ ಕೊಂಕು ತೆಗೆಯುವುದನ್ನು ಬಿಟ್ಟೇಬಿಟ್ಟಿದ್ದ.

"ನಿಮಗೆ ಯಾವುದು ತಾನೇ ಚೆನ್ನಾಗಿಲ್ಲ?" ಎಂದಳು ಅಮ್ಮ. "ಈ ಮನೇಲಿ ಒಬ್ಬರಾದ್ರೂ ಅವಳಿಗೆ ನಿಜ ಹೇಳ್ಬೇಕಲ್ಲ."

ನಿಜ ಹೇಳುವವರು ಆಫೀಸಿನಲ್ಲಿದ್ದರು. ಮೇಡಂ ಏನೇ ಬರೆದರೂ ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಬೇಕೆಂದು ಅಮ್ಮ ಮೊದಲೇ ಕರಾರು ಹಾಕಿದ್ದಳು, ಮುಚ್ಚುಮರೆ ಕೂಡದು. ಉತ್ತರ ಬಂದ ದಿನ ಇಲಿ ಅನ್ನ ಕಲಸಿದ ಕೈ ತೊಳೆದುಬಂದು ಫೋನು ನೋಡಿ ಓದಿದಳು. ಮೇಡಂ ಬೈದಿರಲಿಲ್ಲ. ಕಣ್ಣು, ಕೂದಲು ಚೆನ್ನಾಗಿ ಬಂದಿವೆ ಎಂದಿದ್ದರು. ಆದರೆ ಆಟ ಆಡುವವರಿಗೆ ಈ ಹೆಂಗಸು ಪರದೆಯ ಮೇಲೆ ಹೆಬ್ಬೆರಳಿನಷ್ಟೇ ಕಾಣುತ್ತಾಳೆ. ಆಗ ಬೆಲ್ಟೂ ಕಾಣುವುದಿಲ್ಲ, ಬಕಲ್ಲೂ ಕಾಣುವುದಿಲ್ಲ. ಇಡೀ ಚಿತ್ರಕ್ಕೆ ಕಪ್ಪು ಬಳಿದು ದೂರದಿಂದ ನೋಡಿ, ಆಗಲೂ ಇವಳು ಯಾರು, ಏನು ಕೆಲಸದವಳು ಎಂದು ಗೊತ್ತಾಗಬೇಕು ಎಂದು ಬರೆದಿದ್ದರು. ಕೊನೆಯಲ್ಲಿ ಇಷ್ಟಿತ್ತು: "ರಿಪೇರಿ ಮಾಡುವವಳ ಕೈಗಳೇ ಕಾಣುತ್ತಿಲ್ಲ. ಬರೆಯುವುದು ಕಷ್ಟವೆಂದು ಹೊಸಬರೆಲ್ಲ ಕೈ ಬಚ್ಚಿಡುತ್ತಾರೆ. ಫೋಟೊ ನೋಡಿ ಬರೆಯಬೇಡಿ. ಮನೆಯಲ್ಲಿ ಯಾರದಾದರೂ ಕೈ ನೋಡಿ, ಕೆಲಸ ಮಾಡುವಾಗ ನೋಡಿ."

ಕೈ ಬಚ್ಚಿಡುತ್ತಾರೆ ಎಂಬಲ್ಲಿ ಅಮ್ಮ ಲೋಟ ಎತ್ತಿ ನೀರು ಕುಡಿದಳು. ಅಪ್ಪ ಚಮಚ ತಟ್ಟೆಗೆ ಒತ್ತಿದ. ಮುಂದಿನ ಕ್ಷಣ ಅಜ್ಜಿ ಬೀನ್ಸಿನಲ್ಲಿ ನಾರು ಉಳಿದಿದೆ ಎಂದು ಜಗಳ ತೆಗೆದು ಎಲ್ಲರನ್ನೂ ಉಳಿಸಿದಳು.

ಮರುದಿನದಿಂದ ಇಲಿ ಕೈ ಹುಡುಕಲು ಶುರುಮಾಡಿದಳು. ತನ್ನ ಕೈ ನೋಡೋಣವೆಂದರೆ ಬಲಗೈ ಬರೆಯುವುದರಲ್ಲಿತ್ತು, ಖಾಲಿ ಇದ್ದ ಎಡಗೈಯ ಬೆರಳು ಯಂತ್ರ ಮುಟ್ಟಿದ್ದೇ ಇಲ್ಲ. ಅಮ್ಮನ ಕೈ ಒಂದು ನಿಮಿಷ ನಿಲ್ಲುವುದಿಲ್ಲ. ಅಜ್ಜಿ ಕೈ ನಿಲ್ಲಿಸಿ ಕೂತರೆ ಅದರ ಜೊತೆ ತಾನೂ ನಿದ್ದೆ ಹೋಗುತ್ತಾಳೆ. ಉಳಿದವನು ಅಪ್ಪ. ಸಂಜೆ ಚಹಾ ಕುಡಿದು ಅವನು ಮೇಜಿನ ಮುಂದೆ ಕೂತು, ಸಂಕೋಚದಿಂದಲೇ, ಎಡಗೈ ಮುಂದಿಟ್ಟ. ದೊಡ್ಡ ಕೈ. ಗೆಣ್ಣುಗಳು ಉಬ್ಬಿದ್ದವು. ಇಲಿ ಅದರಲ್ಲಿ ಚಹಾದ ಲೋಟ ಹಿಡಿಸಿದಳು, ಬಾಗಿಲ ಬೀಗ ಹಿಡಿಸಿದಳು, ಪಕ್ಕದ ಮನೆಯಿಂದ ಸ್ಪ್ಯಾನರ್ ಕಡ ತಂದು ಅದನ್ನೂ ಹಿಡಿಸಿದಳು. ಹಾಳೆಯ ಮೇಲೆ ಹಾಳೆ ತುಂಬಿದವು. ಅಪ್ಪ ಕೈ ಮರಗಟ್ಟಿದರೂ ಅಲ್ಲಾಡಿಸುತ್ತಿರಲಿಲ್ಲ. ಮಗಳು ತನ್ನನ್ನು ಇಷ್ಟು ಹೊತ್ತು ನೋಡುತ್ತ ಕೂತು ಯಾವ ಕಾಲವಾಗಿತ್ತೋ, ಅವನಿಗೆ ಆ ಸಂಜೆಗಳು ಮುಗಿಯುವುದೇ ಬೇಡವಾಗಿತ್ತು.

ಎರಡನೆಯ ಚಿತ್ರದಲ್ಲಿ ಹೊದಿಕೆ ಹೋಯಿತು, ಕತ್ತಿ ಹೋಯಿತು. ಒಂದೇ ಬೆಲ್ಟು ಉಳಿಯಿತು. ಅಜ್ಜಿಯ ಮಾತಿನಂತೆ ಹೆಂಗಸು ಸ್ವಲ್ಪ ಮೈ ತುಂಬಿಕೊಂಡಳು. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈ ಯಂತ್ರದ ಮೇಲೆ. ಅಮ್ಮ ನೋಡಿ, ಈಗ ಯಾರೋ ಕೆಲಸ ಮಾಡುವವಳ ಹಾಗೆ ಕಾಣುತ್ತಾಳೆ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಅಪ್ಪ ಎಂದಿನಂತೆ ಚೆನ್ನಾಗಿದೆ ಎಂದ, ಈ ಸಲ ಹತ್ತಿರ ಬಂದು ನೋಡಿ ಎಂದ. ಅಜ್ಜಿ ಮಾತ್ರ ಯಾಕೋ ಏನೂ ಹೇಳದೆ ಕನ್ನಡಕ ತೆಗೆದು ಒರೆಸಿದಳು.

ಮೇಡಂ ಅವರ ಉತ್ತರ ಬಂದಾಗ ಮೊಟ್ಟೆ ಹುರಿದಿದ್ದರು, ಮನೆಯಲ್ಲಿ ಹುರುಪಿತ್ತು. ಇಲಿ ಗಟ್ಟಿಯಾಗಿ ಓದಿದಳು. "ತುಂಬ ಸುಧಾರಿಸಿದೆ. ಆ ಕೈಯಲ್ಲಿ ಜೀವ ಇದೆ, ಯಾರದೋ ದುಡಿದ ಕೈ ಅದು. ಆದರೆ ನಿಮ್ಮ ಪಾತ್ರಕ್ಕೆ ಎರಡೂ ಎಡಗೈಗಳೇ ಇವೆ. ಸ್ಪ್ಯಾನರ್ ಹಿಡಿದ ಕೈಯ ಹೆಬ್ಬೆರಳು ತಿರುಗುಮುರುಗಾಗಿದೆ. ಒಂದೇ ಕೈ ನೋಡಿ ಎರಡನ್ನೂ ಬರೆದಿದ್ದೀರಿ. ಅವರ ಇನ್ನೊಂದು ಕೈಯನ್ನೂ ನೋಡಿ."

ಕೊನೆಯ ಮಾತು ಓದಿಯಾದಮೇಲೆ ಅದು ಏನೆಂದು ಇಲಿಗೆ ಹೊಳೆಯಿತು. ಫೋನು ಕೆಳಗಿಟ್ಟಳು. ನನ್ನ ಎಡಗೈಗೆ ಕನ್ನಡಿ ಹಿಡಿದರೆ ಬಲಗೈ ಹಾಗೆ ಕಾಣುತ್ತದೆ, ಅದನ್ನು ನೋಡಿ ಬರೆಯುತ್ತೇನೆ, ಅದೇನು ಕಷ್ಟವಲ್ಲ ಎಂದಳು. ನನ್ನ ಕೈ ಇದೆಯಲ್ಲ, ನಾನೇ ಕೂರುತ್ತೇನೆ ಎಂದಳು ಅಮ್ಮ. ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಮಾತು ನಿಲ್ಲಿಸಿದರು.

"ನಾನು ಅವತ್ತೇ ನೋಡಿದ್ದೆ," ಎಂದಳು ಅಜ್ಜಿ. "ಹೇಳೋದ್ಯಾಕೆ ಅಂತ ಸುಮ್ನಾದೆ."

ಅಪ್ಪ ತಟ್ಟೆಯಲ್ಲಿ ಅರ್ಧ ಮೊಟ್ಟೆ ಬಿಟ್ಟು ಎದ್ದು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಬೀದಿಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು. ಯಾರೋ ಮಾತಾಡಿಸಿದ್ದಕ್ಕೆ ಎಡಗೈ ಎತ್ತಿದ. ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಜೋರಾಗಿತ್ತು.

ಆಮೇಲಿನ ವಾರ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಪ್ಪ ಕೆಲಸದಿಂದ ತಡವಾಗಿ ಬರತೊಡಗಿದ. ಗೋದಾಮಿನಲ್ಲಿ ಲಾರಿ ಜಾಸ್ತಿ ಎಂದ, ಯಾರೂ ನಂಬಲಿಲ್ಲ. ಕನ್ನಡಿಯ ಉಪಾಯ ನಡೆಯಲಿಲ್ಲ. ಗಡ್ಡ ಮಾಡುವ ಚಿಕ್ಕ ಕನ್ನಡಿ, ಅದನ್ನು ಹಿಡಿಯಲು ಅಜ್ಜಿ. ಹಿಡಿದ ಸ್ವಲ್ಪ ಹೊತ್ತಿಗೆ ಅಜ್ಜಿ ತೂಕಡಿಸಿ, ಕನ್ನಡಿ ಜಾರಿ, ಇಲಿಯ ಕೈಯ ಬದಲು ಸೂರು ಕಾಣಿಸುತ್ತಿತ್ತು. ಅಮ್ಮ ಲಾಂಡ್ರಿಯಿಂದ ಬಂದು, ಕೈ ಒರೆಸಿ, ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು ಕೂತಳು. ಕೂತವಳ ಕಣ್ಣು ಒಲೆಯ ಮೇಲೆ, ಒಂದು ಗೆರೆ ಎಳೆಯುವಷ್ಟರಲ್ಲಿ ಎದ್ದು ಬೇಳೆ ಕದಡಿ ಬರುತ್ತಿದ್ದಳು. ಹಾಗೂ ಹೀಗೂ ಬರೆದದ್ದಾಯಿತು. ನೋಡಿದರೆ ಹೆಂಗಸಿನ ಒಂದು ಕೈ ಅಪ್ಪನದು, ಇನ್ನೊಂದು ಅಮ್ಮನದು. ಒಂದು ದಪ್ಪ, ಒಂದು ಸಪೂರ. ಇಬ್ಬರು ಬೇರೆ ಬೇರೆ ಮನುಷ್ಯರನ್ನು ನಡುವೆ ಹೊಲಿದ ಹಾಗಿತ್ತು.

ಇಲಿ ಆ ಹಾಳೆ ಹರಿದುಹಾಕಿದಳು. ಹರಿದದ್ದು ಅಮ್ಮನ ಕಣ್ಣಿಗೆ ಬಿತ್ತು.

ಶನಿವಾರ ಸಂಜೆ, ಒಣಗಿದ ಬಟ್ಟೆ ಮಡಿಸುವಾಗ ಜಗಳ ಹತ್ತಿಕೊಂಡಿತು. ದಣಿದು ಬಂದವಳನ್ನು ಕೂರಿಸಿಕೊಂಡು ಬರೆದದ್ದನ್ನು ಹರಿದೆಯಲ್ಲ ಎಂದು ಅಮ್ಮ ಶುರುಮಾಡಿದಳು. ತಿಂಗಳು ಮುಗಿಯುತ್ತ ಬಂತು, ಕೌಂಟರಿನ ಕೆಲಸಕ್ಕೆ ಇನ್ನೊಬ್ಬಳು ಬಂದು ಕೇಳಿಕೊಂಡು ಹೋದಳು, ಸೋಮವಾರ ನನ್ನ ಜೊತೆ ಹೊರಡು ಎಂದಳು. ಇಲಿ ಇನ್ನೊಂದು ಸಲ ಕಳಿಸುವುದಿದೆ ಎಂದಳು. ಒಂದು ಕೈ ಬರೆಯಲು ಬರದವಳಿಗೆ ಅಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ಅಮ್ಮ ಕೇಳಿಬಿಟ್ಟಳು. ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು, ಅಷ್ಟರಲ್ಲಿ ತಡವಾಗಿತ್ತು.

"ಎಲ್ಲಿಂದ ಬರ್ಬೇಕು?" ಎಂದಳು ಇಲಿ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸುತ್ತಲೇ ಇದ್ದಳು, ಮಡಿಸಿ ಮಡಿಸಿ ಅದು ಅಂಗೈಯಷ್ಟಾಗಿತ್ತು. "ಈ ಮನೇಲಿ ಬಲಗಡೆ ನೋಡ್ಬಾರ್ದು ಅಂತ ಕಲಿಸಿದ್ದೀರ. ಅಪ್ಪನ ಆ ಕೈ ಹೇಗಿದೆ ಅಂತಾನೇ ನಂಗೊತ್ತಿಲ್ಲ. ಹೇಗಿತ್ತು ಅನ್ನೋದೂ ಮರ್ತುಹೋಗಿದೆ."

ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳು. ಅವತ್ತು ಲಾರಿ ಜಾಸ್ತಿ ಇರಲಿಲ್ಲವೇನೋ, ಅಪ್ಪ ಬೇಗ ಬಂದು ಚಪ್ಪಲಿ ಬಿಡುತ್ತ ನಿಂತಿದ್ದ. ನೇರ ಒಳಗೆ ಹೋಗಿ ಮುಖ ತೊಳೆದುಕೊಂಡ. ತಾನು ಆಡಿದ್ದು ನೆನೆದು ಇಲಿಗೆ ಅವತ್ತು ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಆಲೂಗಡ್ಡೆ ಬೇಯಲು ಒಲೆಯ ಮೇಲಿಟ್ಟಿದ್ದಳು. ಇಲಿ ಮೇಜಿನ ಮುಂದೆ ಖಾಲಿ ಹಾಳೆ ಇಟ್ಟುಕೊಂಡು ಪೆನ್ಸಿಲ್ ಕಚ್ಚುತ್ತಿದ್ದಳು. ಅಪ್ಪ ಬಂದ. ತನ್ನ ಕುರ್ಚಿಯನ್ನು ಗೋಡೆಯಿಂದ ಎಳೆದು ಮೇಜಿನ ಈಚೆ ಬದಿಗೆ ಹಾಕಿಕೊಂಡು ಕೂತ. ಜೇಬಿನಿಂದ ಬಲಗೈ ತೆಗೆದು ಹಾಳೆಯ ಪಕ್ಕದಲ್ಲಿಟ್ಟ.

"ಬರಿ," ಎಂದ.

ಇಲಿಯ ಕಣ್ಣು ಅಭ್ಯಾಸದಂತೆ ಅವನ ಎಡಗೈಯ ಕಡೆಗೆ ಹೊರಳಿತು. ಕಷ್ಟಪಟ್ಟು ಈಚೆ ತಂದಳು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ನಡುವೆ ಎರಡು ಗಿಡ್ಡ ಬುಡಗಳು, ತುದಿಯಲ್ಲಿ ಚರ್ಮ ಬಿಳಿಚಿ ಬಿಗಿದುಕೊಂಡಿತ್ತು. ಅವಳು ಊಹಿಸಿಕೊಂಡಿದ್ದ ಭಯಂಕರ ಯಾವುದೂ ಅಲ್ಲಿರಲಿಲ್ಲ. ಕೈ ಇತ್ತು, ಅಪ್ಪನದು. ನೋಯುತ್ತದಾ ಎಂದು ಕೇಳಿದಳು. ಚಳಿಗೆ ಸ್ವಲ್ಪ, ಎಂದ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಸುಮ್ಮನೆ ಇಟ್ಟ ಕೈಯಿಂದ ಪ್ರಯೋಜನವಿರಲಿಲ್ಲ, ಸ್ಪ್ಯಾನರ್ ಹಿಡಿಯಬೇಕಿತ್ತು. ಅಪ್ಪ ಹಿಡಿದ, ಜಾರಿ ಮೇಜಿಗೆ ಬಿತ್ತು. ಮತ್ತೆ ಹಿಡಿದ, ಮತ್ತೆ ಬಿತ್ತು. ಪಕ್ಕದ ಮನೆಯವರ ಸ್ಪ್ಯಾನರ್ ತೆಳ್ಳಗಿದೆ ಎಂದು ನೆಪ ಹೇಳಿದ. ಅಜ್ಜಿ ಎದ್ದು ಒಳಕೋಣೆಗೆ ಹೋದಳು. ಮಂಚದ ಕೆಳಗಿಂದ ಏನೋ ಎಳೆಯುವ ಸದ್ದಾಯಿತು. ಅವಳು ಉಸ್ಸೆನ್ನುತ್ತ ತಂದಿಟ್ಟದ್ದು ಮರದ ಪೆಟ್ಟಿಗೆ, ಅವನ ಉಪಕರಣಗಳದ್ದು. ಯಾರಿಗಾದರೂ ಕೊಟ್ಟುಬಿಡು ಎಂದು ಆಸ್ಪತ್ರೆಯಿಂದ ಬಂದ ದಿನವೇ ಅವನು ಅಜ್ಜಿಗೆ ಹೇಳಿದ್ದ.

"ಕೊಟ್ಟೆ ಅಂದಿದ್ದೆಯಲ್ಲಮ್ಮ," ಎಂದ ಅಪ್ಪ.

ಹಾಗೆ ಅನ್ನದಿದ್ದರೆ ನೀನು ಬಿಡುತ್ತಿದ್ದೆಯಾ ಎಂದು ಗೊಣಗಿ ಅಜ್ಜಿ ತನ್ನ ಜಾಗಕ್ಕೆ ಹೋಗಿ ಕೂತಳು. ಪೆಟ್ಟಿಗೆಯಲ್ಲಿ ಉಳಿ, ಸುತ್ತಿಗೆ, ಗರಗಸ, ತಳದಲ್ಲಿ ಅವನದೇ ಹಳೆಯ ದಪ್ಪ ಸ್ಪ್ಯಾನರ್. ಅದನ್ನು ಅಂಗೈಗೆ ಅಡ್ಡವಾಗಿ ಮಲಗಿಸಿ, ಹೆಬ್ಬೆರಳಿನಿಂದ ಒತ್ತಿ, ಕೆಳಗಿನಿಂದ ಎರಡು ಬೆರಳು ಸುತ್ತಿದ. ನಿಂತಿತು. ಅಲ್ಲಾಡಿಸಿ ನೋಡಿದ, ಬೀಳಲಿಲ್ಲ. ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅಮ್ಮ ಅಲ್ಲೇ ನಿಂತಳು.

ಇಲಿ ಬರೆದಳು, ಅಳಿಸಿದಳು, ಬರೆದಳು. ಕೊನೆಗೆ ಹಾಳೆ ಅಪ್ಪನ ಕಡೆ ತಿರುಗಿಸಿದಳು. ಅವನು ಬಹಳ ಹೊತ್ತು ನೋಡಿದ. ಚೆನ್ನಾಗಿದೆ ಎನ್ನುತ್ತಾನೆಂದು ಎಲ್ಲರೂ ಕಾದರು.

"ತಪ್ಪು," ಎಂದ ಅಪ್ಪ. "ಇಲ್ಲದ ಬೆರಳು ಸೇರಿಸಿದ್ದೀಯ."

ನಿಜ. ಅವಳ ಕೈ ಅವಳನ್ನು ಕೇಳದೆ ಆ ಎರಡು ಬುಡಗಳನ್ನು ಉದ್ದ ಮಾಡಿ, ಉಗುರಿಟ್ಟು ಮುಗಿಸಿತ್ತು. ಮರ್ಯಾದೆಗೆ ಹಾಗೆ ಬರೆದೆ ಎಂದು ಹೇಳಲಾಗದೆ ಇಲಿ ತಲೆ ತಗ್ಗಿಸಿದಳು.

"ಆ ಬೆರಳಿದ್ರೆ ನಾನು ಹೀಗೆ ಹಿಡಿಯೋದೇ ಇಲ್ಲ. ಹಿಡಿತ ಒಂದು, ಕೈ ಒಂದು ಆಗಿದೆ. ಏನಿದೆಯೋ ಅದನ್ನ ಬರಿ, ಪುಟ್ಟಾ. ಮಣಿಕಟ್ಟೂ ಸೊಟ್ಟಗಿದೆ, ಅದನ್ನೂ ನೋಡು."

ಅದು ಹಳೆಯ ಬಡಗಿಯ ದನಿ. ಅದನ್ನು ಕೇಳಿ ಅಮ್ಮನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆಲೂಗಡ್ಡೆ ತಳ ಹಿಡಿದ ವಾಸನೆ ಮನೆಯೆಲ್ಲ ಹರಡಿತ್ತು. ಅವತ್ತು ನಾಲ್ವರೂ ಸೀದ ಆಲೂಗಡ್ಡೆ ತಿಂದರು.

ಮೂರನೆಯ ಚಿತ್ರದ ಹೆಂಗಸಿಗೆ ಎಡಗೈ ಇತ್ತು, ಬಲಗೈ ಇತ್ತು. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ, ಸ್ಪ್ಯಾನರ್ ಅಂಗೈಯಲ್ಲಿ ಭದ್ರವಾಗಿ ಕೂತಿತ್ತು. ಕಳಿಸುವ ಮೊದಲು ಇಲಿಗೆ ಹೆದರಿಕೆಯಾಯಿತು. ಮೊದಲು ಕೈಯೇ ಇರಲಿಲ್ಲ, ಆಮೇಲೆ ಎರಡೂ ಎಡಗೈ, ಈಗ ಬೆರಳೇ ಸಾಲದು. ಬರೆಯಲು ಬಾರದವಳು ಎಂದೇ ಮೇಡಂ ತಿಳಿಯುವುದಿಲ್ಲವೇ? ಬೇಕಾದರೆ ಬೆರಳು ಸೇರಿಸು ಎಂದು ಅಪ್ಪ ಹೇಳಲಿಲ್ಲ. ಇಲಿಯೂ ಕೇಳಲಿಲ್ಲ. ಹಾಗೆಯೇ ಕಳಿಸಿದಳು.

ತಿಂಗಳು ಮುಗಿಯಿತು, ಉತ್ತರ ಬರಲಿಲ್ಲ. ಲಾಂಡ್ರಿಯ ಮಾತನ್ನು ಅಮ್ಮ ಎತ್ತಲಿಲ್ಲ. ಇಲಿಯೇ ತಡೆಯಲಾರದೆ, ನಾಳೆ ನಿನ್ನ ಜೊತೆ ಬರಲಾ ಎಂದು ಕೇಳಿದಳು.

"ಆ ಕೆಲಸಕ್ಕೆ ಬೇರೆಯವರು ಬಂದಾಯ್ತು," ಎಂದಳು ಅಮ್ಮ ಸೊಪ್ಪು ಬಿಡಿಸುತ್ತ. "ನಾನೇ ಬೇಡ ಅಂದು ಬಂದೆ, ಆ ಸೋಮವಾರಾನೇ."

ಇನ್ನು ಕೈಯಲ್ಲಿ ಏನೂ ಉಳಿದಿಲ್ಲವೆಂದು ಇಲಿಗೆ ಗೊತ್ತಾಯಿತು. ಮೂರು ದಿನ ಅಮ್ಮನೂ ಸರಿಯಾಗಿ ನಿದ್ದೆ ಮಾಡಲಿಲ್ಲ, ಅದನ್ನು ಯಾರಿಗೂ ಹೇಳಲಿಲ್ಲ.

ಫೋನು ಸದ್ದು ಮಾಡಿದ್ದು ತಟ್ಟೆ ಹಾಕುವ ಹೊತ್ತಿಗೆ. ಇಲಿ ನೋಡಲಾರೆ ಎಂದಳು. ಅಮ್ಮ ಕೈ ಒರೆಸಿಕೊಂಡು ಫೋನು ಇಸಿದುಕೊಂಡು, ಚಿಕ್ಕ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿ ಓದಿದಳು. "ಬಲಗೈ ನೋಡಿ ಮೊದಲು ತಪ್ಪೆಂದುಕೊಂಡೆ. ಮತ್ತೆ ನೋಡಿದೆ. ಆ ಹಿಡಿತ ಕಂಡಮೇಲೆ ಇದು ತಪ್ಪಲ್ಲ ಎಂದು ಗೊತ್ತಾಯಿತು. ಕಪ್ಪು ಬಳಿದು ನೋಡಿದರೂ ಇವಳೇ ಎಂದು ಗುರುತು ಸಿಗುತ್ತದೆ. ಇವಳನ್ನು ಇಟ್ಟುಕೊಳ್ಳುತ್ತೇವೆ, ನಿಮ್ಮನ್ನೂ. ಸೋಮವಾರ ಬನ್ನಿ. ಆದರೆ ಎರಡೂ ಪಾದಗಳನ್ನು ಹುಲ್ಲಿನಲ್ಲಿ ಬಚ್ಚಿಟ್ಟಿದ್ದೀರಿ. ಅದನ್ನು ಇಲ್ಲಿ ಬಂದು ಕಲಿಯುವಿರಂತೆ."

ಅಜ್ಜಿ ತನ್ನ ಕಾಲು ಮುಂದೆ ಚಾಚಿ, ಬೇಕಾದರೆ ಇದನ್ನು ನೋಡಿ ಬರಿ, ಆಣಿ ಇದೆ, ಅದನ್ನೂ ಬಿಡಬೇಡ ಎಂದಳು. ಅಮ್ಮ ಮಗಳ ತಲೆ ನೇವರಿಸಿ, ಹಾಗೆಯೇ ಎಳೆದು ಎದೆಗೊತ್ತಿಕೊಂಡಳು. ಇಲಿ ಜೋರಾಗಿ ಅತ್ತಳು. ಅಪ್ಪ ಮೂಗು ಒರೆಸಿಕೊಂಡು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

ಅವನ ಕುರ್ಚಿ ಆ ಭಾನುವಾರದಿಂದ ಮೇಜಿನ ಈಚೆಗೇ ಇತ್ತು. ಅಮ್ಮ ರೂಢಿಯಂತೆ ಚಮಚವನ್ನು ತಟ್ಟೆಯ ಎಡಕ್ಕೆ ಇಟ್ಟಿದ್ದಳು. ಅಪ್ಪ ಅದನ್ನು ಬಲಗೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ಒತ್ತಿ ಹಿಡಿದು ಅನ್ನ ಎತ್ತಿದ. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು. ಮೂವರೂ ನೋಡುತ್ತಿದ್ದರು, ಯಾರೂ ಕಣ್ಣು ಹೊರಳಿಸಲಿಲ್ಲ.

"ಚೆಲ್ತಾ ಇದೀಯ ಕಣೋ," ಎಂದಳು ಅಜ್ಜಿ.

ಇನ್ನೂ ಸ್ವಲ್ಪ ಕೆಳಗೆ ಹಿಡಿದುಕೊಳ್ಳಿ ಎಂದಳು ಅಮ್ಮ. ಅವನು ಹಿಡಿತ ಬದಲಿಸಿ ಇನ್ನೊಂದು ತುತ್ತು ಎತ್ತಿದ. ಅದೂ ಅಂಗಿಗೇ ಹೋಯಿತು. ಅವನು ಮಗಳ ಮುಖ ನೋಡಿದ.

"ಚೆನ್ನಾಗಿಲ್ಲ ಅಪ್ಪ," ಎಂದಳು ಇಲಿ, ಕಣ್ಣೊರೆಸಿಕೊಳ್ಳುತ್ತ.

"ಗೊತ್ತು," ಎಂದ ಅಪ್ಪ. "ಇನ್ನೊಂದ್ಸಲ ಬಡಿಸು."